ಆಕ್ಸ್‌ಬರೋ ಮನೆ ಉಳಿಸಿದವರು ಮೂವರು ಹೆಂಗಸರು

ನಮಸ್ಕಾರ. ಇವತ್ತು ಒಂದು ಮನೆ ವಿಷಯ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಆಕ್ಸ್‌ಬರೋ ಹಾಲ್ ಅಂತ ಇದೆ. ಸುತ್ತ ನೀರು ತುಂಬಿದ ಕಂದಕ, ಮಧ್ಯೆ ಕೆಂಪು ಇಟ್ಟಿಗೆಯ ಮನೆ, ಮುಂದೆ ಎತ್ತರದ ಹೆಬ್ಬಾಗಿಲು. ಕಟ್ಟಿಸಿದವನು ಸರ್ ಎಡ್ಮಂಡ್ ಬೆಡಿಂಗ್‌ಫೀಲ್ಡ್. ಆಗ ಕೋಟೆ ತರಹ ಗೋಡೆ ಎಬ್ಬಿಸೋಕೆ ರಾಜನ ಅಪ್ಪಣೆ ಬೇಕಿತ್ತು, ಅದು ಅವನಿಗೆ ಸಿಕ್ಕಿದ್ದು 1482ರಲ್ಲಿ.

ಈ ಮನೆ ಬಗ್ಗೆ ಮಾತಾಡೋರು ಮೊದಲು ಹೇಳೋದು ಏನು? 1487ರಲ್ಲಿ ಏಳನೇ ಹೆನ್ರಿ ಬಂದು ತಂಗಿದ್ದ ಅಂತ. ನನಗೆ ಅದು ದೊಡ್ಡ ವಿಷಯ ಅನ್ನಿಸುವುದಿಲ್ಲ. ರಾಜ ಬಂದ, ಉಂಡ, ಹೋದ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಹೆಬ್ಬಾಗಿಲಿನ ಗೋಪುರದ ಒಳಗಿರುವ ಒಂದು ಗುಂಡಿ. ಬೆಡಿಂಗ್‌ಫೀಲ್ಡ್‌ಗಳು ಕ್ಯಾಥೊಲಿಕರು, ದೇಶ ಮಾತ್ರ ಪ್ರೊಟೆಸ್ಟಂಟ್ ಆಗಿತ್ತು. ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, 1585ರ ಕಾನೂನಿನ ಪ್ರಕಾರ, ಹೊರದೇಶದಲ್ಲಿ ದೀಕ್ಷೆ ಪಡೆದು ಬಂದ ಕ್ಯಾಥೊಲಿಕ್ ಪಾದ್ರಿ ಇಂಗ್ಲೆಂಡಿನಲ್ಲಿದ್ದರೆ ಅದೇ ರಾಜದ್ರೋಹ, ಅವನಿಗೆ ಜಾಗ ಕೊಟ್ಟವರಿಗೂ ಮರಣದಂಡನೆ ಆಗಬಹುದಿತ್ತು. ಅಂಥದ್ದರಲ್ಲಿ ಈ ಮನೆಯ ನೆಲದಲ್ಲಿ ಒಂದು ಮುಚ್ಚಳ. ನೋಡಿದರೆ ನೆಲದ ಹಾಗೇ ಕಾಣುತ್ತದೆ. ಕೆಳಗೆ ಒಬ್ಬ ಪಾದ್ರಿ ಮುದುಡಿ ಅಡಗಿ ಕೂರುವಷ್ಟು ಜಾಗ. ಮೇಲೆ ಸೈನಿಕರ ಕಾಲ ಸಪ್ಪಳ ಕೇಳುತ್ತಾ, ಉಸಿರು ಬಿಗಿ ಹಿಡಿದು ಆ ಕತ್ತಲಲ್ಲಿ ಕೂರುವುದು ಹೇಗಿರುತ್ತೆ, ಯೋಚಿಸಿ. ಕಂದಕ ಹೊರಗಿನ ಶತ್ರುವಿಗೆ. ಆದರೆ ಇವರ ಭಯ ಬಾಗಿಲು ತಟ್ಟಿ, ಸರ್ಕಾರದ ಕಾಗದ ಹಿಡಿದು ಬರುತ್ತಿತ್ತು.

ಮುಂದೆ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಈ ಮನೆತನದವರು ರಾಜನ ಪರ ನಿಂತು ಆಸ್ತಿ ಕಳೆದುಕೊಂಡರು. 1661ರಲ್ಲಿ ಬ್ಯಾರೊನೆಟ್ ಅನ್ನೋ ಬಿರುದು ಸಿಕ್ಕಿತು. ಬಿರುದಿನಿಂದ ಸೂರು ರಿಪೇರಿ ಆಗುತ್ತದಾ?

ಈಗ ನಾನು ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ. 1951ರಲ್ಲಿ ಈ ಮನೆ ಮಾರಾಟಕ್ಕೆ ಬಂತು. ಕೊಳ್ಳೋಕೆ ಬಂದವನಿಗೆ ಮನೆ ಬೇಕಿರಲಿಲ್ಲ, ಅದನ್ನು ಕೆಡವಬೇಕಿತ್ತು. ಆ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಇಂಥ ಎಷ್ಟೋ ಮನೆಗಳು ಹಾಗೇ ನೆಲಸಮ ಆದವು. ಆಗ ಮುಂದೆ ಬಂದವರು ಮೂವರು ಹೆಂಗಸರು. ಲೇಡಿ ಸಿಬಿಲ್ ಬೆಡಿಂಗ್‌ಫೀಲ್ಡ್, ಅವರ ಮಗಳು, ಮತ್ತೆ ಸಂಬಂಧದಲ್ಲಿ ಇನ್ನೊಬ್ಬರು. ತಾವು ವಾಸವಿದ್ದ ಮನೆಗಳನ್ನು ಮಾರಿ ದುಡ್ಡು ಹೊಂದಿಸಿದರು. ಆಕ್ಸ್‌ಬರೋವನ್ನು ವಾಪಸ್ ಕೊಂಡರು. 1952ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ, ಅಂದರೆ ಹಳೇ ಮನೆ, ಜಾಗಗಳನ್ನು ಕಾಪಾಡೋ ಸಂಸ್ಥೆಗೆ, ಕೊಟ್ಟುಬಿಟ್ಟರು.

ಇದು ಸಣ್ಣ ಕೆಲಸ ಅಲ್ಲ ಅಲ್ವಾ? ಕಟ್ಟಿಸಿದವನ ಹೆಸರು ಎಲ್ಲರಿಗೂ ಗೊತ್ತು. ಬಂದು ತಂಗಿದ ರಾಜನ ಹೆಸರೂ ಗೊತ್ತು. ಸ್ವಂತ ಮನೆ ಮಾರಿ ಈ ಮನೆ ಉಳಿಸಿದವರು ಮಾತ್ರ ಕಥೆಯ ಕೊನೆಯ ಸಾಲಿನಲ್ಲಿ ಬರುತ್ತಾರೆ. ನನ್ನ ಪ್ರಕಾರ ಆಕ್ಸ್‌ಬರೋ ಕಥೆ ಅವರಿಂದಲೇ ಶುರು ಆಗಬೇಕು.

ಯಾಕೆ ಅಂತ ಹೇಳ್ತೀನಿ ಕೇಳಿ. 2020ರಲ್ಲಿ ಚಾವಣಿ ರಿಪೇರಿಗೆ ಅಂತ ಅಟ್ಟದ ನೆಲದ ಹಲಗೆ ಎತ್ತಿದರು. ಕೆಳಗೆ ಇಲಿ ಗೂಡುಗಳು. ಗೂಡು ಕಟ್ಟೋಕೆ ಇಲಿಗಳು ಎಳೆದುಕೊಂಡು ಹೋಗಿದ್ದು ಏನು ಗೊತ್ತಾ? ಟ್ಯೂಡರ್ ಕಾಲದ, ಅಂದರೆ ಆ ಹೆನ್ರಿ, ಎಲಿಜಬೆತ್‌ರ ವಂಶ ಆಳಿದ ಕಾಲದ ರೇಷ್ಮೆ, ಉಣ್ಣೆ ಬಟ್ಟೆಯ ಚೂರುಗಳು, ಕೈಬರಹದ ಹಾಳೆಗಳ ತುಂಡುಗಳು. ಇನ್ನೊಂದು ಕಡೆ 1568ರಲ್ಲಿ ಅಚ್ಚಾದ ಒಂದು ಪ್ರಾರ್ಥನೆಯ ಪುಸ್ತಕ ಸಿಕ್ಕಿತು. ಸೂರಿನ ಅಂಚಿನ ಕಸದಲ್ಲಿ 15ನೇ ಶತಮಾನದ ಒಂದು ಚರ್ಮದ ಹಾಳೆ ಸಿಕ್ಕಿತು, ಅದರಲ್ಲಿ ಬೈಬಲ್‌ನ ಲ್ಯಾಟಿನ್ ಕೀರ್ತನೆಯ ಸಾಲುಗಳು, ಅಕ್ಷರಕ್ಕೆ ಹಚ್ಚಿದ ನೀಲಿ ಮತ್ತು ಚಿನ್ನದ ಬಣ್ಣ ಇನ್ನೂ ಹಾಗೇ ಹೊಳೆಯುತ್ತಿತ್ತು.

1951ರಲ್ಲಿ ಆ ಮೂವರು ಸುಮ್ನೆ ಇದ್ದುಬಿಟ್ಟಿದ್ದರೆ ಆ ಹಾಳೆ ಯಾವ ಗಾಡಿಯ ಮಣ್ಣಿನ ಜೊತೆ ಹೋಗುತ್ತಿತ್ತೋ.