ತಲೆ ಇಲ್ಲದ ಟಾಮಿ: ವೈಸ್ ಸಿಟಿ ಹೀರೋ, ಏಳು ಹಾಳೆ ಕಾಗದದಲ್ಲಿ

ವಿಡಿಯೋದಲ್ಲಿ ಮೇಜಿನ ಮೇಲೆ ನಿಂತಿದ್ದಾನಲ್ಲ, ಇವನಿಗೆ ತಲೆ ಇಲ್ಲ. ನೀಲಿ ಅಂಗಿ, ಅಂಗಿ ಮೇಲೆ ಗರಿಯಂಥ ಎಲೆಗಳ ಚಿತ್ರ, ಕೆಳಗೆ ಜೀನ್ಸ್. ಕುತ್ತಿಗೆವರೆಗೆ ಅಳೆದರೆ 24 ಸೆಂಟಿಮೀಟರ್. ಪೂರ್ತಿ ಕಾಗದ. ತಲೆ ಇಲ್ಲದಿದ್ದರೂ ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಇವನ ಹೆಸರು ಹೇಳಿಬಿಟ್ಟಿರುತ್ತೀರಿ.

ಟಾಮಿ ವರ್ಸೆಟ್ಟಿ. ಜಿಟಿಎ ವೈಸ್ ಸಿಟಿ ಅನ್ನೋ ವಿಡಿಯೋ ಗೇಮ್‌ನ ಹೀರೋ. ಅವನೊಬ್ಬ ಗ್ಯಾಂಗ್‌ಸ್ಟರ್, ಮಾಡುವ ಕೆಲಸ ನೋಡಿದರೆ ಹೀರೋ ಅನ್ನೋಕೆ ಸ್ವಲ್ಪ ಕಷ್ಟ, ಇರಲಿ.

ಈ ಆಟ 2002ರಲ್ಲಿ ಪ್ಲೇಸ್ಟೇಷನ್ 2 ಅನ್ನೋ ಗೇಮ್ ಯಂತ್ರಕ್ಕೆ ಬಂತು, ಮರುವರ್ಷ ಕಂಪ್ಯೂಟರ್‌ಗೆ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿದ್ದ ನಮಗೆ ಅದು ಸಿಕ್ಕಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್ ಕೆಫೆಯಲ್ಲಿ. ಗಂಟೆಗೆ 20 ರೂಪಾಯಿ. ನಾನು ಮತ್ತು ನನ್ನ ತಮ್ಮ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂರುತ್ತಿದ್ದೆವು. ಕೀಬೋರ್ಡ್ ಅವನದು, ಮೌಸ್ ನನ್ನದು. ಮಿಷನ್, ಅಂದರೆ ಆಟ ಕೊಡುವ ಕೆಲಸಗಳನ್ನು ಆಡುವವರು ಕಡಿಮೆ. ಆಡಿದವರು ಆ ಆಟಿಕೆ ಹೆಲಿಕಾಪ್ಟರ್ ಮಿಷನ್ ಬಂದ ತಕ್ಷಣ ಬಿಟ್ಟುಬಿಡುತ್ತಿದ್ದರು. ಎಲ್ಲರದೂ ಚೀಟ್, ಅಂದರೆ ಆಟವನ್ನು ಸುಲಭ ಮಾಡುವ ಗುಟ್ಟಿನ ಪದ: ಪ್ಯಾಂಝರ್ ಅಂತ ಟೈಪ್ ಮಾಡೋದು, ಟ್ಯಾಂಕ್ ಬರೋದು, ಊರೆಲ್ಲ ಗುದ್ದಿಕೊಂಡು ಹೋಗೋದು. ಆರೋಗ್ಯಕ್ಕೆ ಇನ್ನೊಂದು ಚೀಟ್ ಇತ್ತು, ಆಸ್ಪಿರಿನ್. ಅದರ ಸ್ಪೆಲ್ಲಿಂಗ್‌ನ ಕೊನೆಯಲ್ಲಿ ಒಂದು ಇ ಜಾಸ್ತಿ. ಇವತ್ತಿಗೂ ಮೆಡಿಕಲ್ ಶಾಪ್ ಚೀಟಿ ಬರೆಯುವಾಗ ಆ ಇ ನನ್ನ ಕೈಯಿಂದ ತಾನಾಗೇ ಬಂದುಬಿಡುತ್ತದೆ.

ಸರಿ, ಕೆಲಸಕ್ಕೆ ಬರೋಣ.

ಕಾಗದದ ಗೊಂಬೆಗೆ ಹಳೇ ಆಟದ ಪಾತ್ರವೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಕಾರಣ ಬಹಳ ಸಿಂಪಲ್. ಪ್ಲೇಸ್ಟೇಷನ್ 2ರಲ್ಲಿ ಇದ್ದ ಮೆಮೊರಿ 32 ಎಂಬಿ. ನನ್ನ ಫೋನ್‌ನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರೊಳಗೆ ರಸ್ತೆ, ಕಾರು, ಸಮುದ್ರ, ಜನ ಎಲ್ಲ ಓಡಬೇಕು. ಆಟದೊಳಗಿನ ಮೈಯೆಲ್ಲ ಚಪ್ಪಟೆ ತ್ರಿಕೋನಗಳನ್ನು ಜೋಡಿಸಿ ಮಾಡಿದ್ದು, ಹಾಗಾಗಿ ಒಬ್ಬ ಮನುಷ್ಯನಿಗೆ ಸಿಗುತ್ತಿದ್ದದ್ದು ಲೆಕ್ಕದ ತ್ರಿಕೋನಗಳು ಮಾತ್ರ. ತೋಳು ಅಂದರೆ ಒಂದು ಮೂಲೆಮೂಲೆಯ ಕೊಳವೆ. ಅಂಗಿಯ ಸುಕ್ಕು, ಜೀನ್ಸ್‌ನ ಜೇಬು, ಬೆಲ್ಟು ಎಲ್ಲ ಆ ಕೊಳವೆಗಳ ಮೇಲೆ ಬಿಡಿಸಿದ ಚಿತ್ರ. ಚಪ್ಪಟೆ ತುಂಡು, ಅದರ ಮೇಲೆ ಬಣ್ಣ. ಕಾಗದಕ್ಕೆ ಗೊತ್ತಿರೋದು ಕೂಡ ಇಷ್ಟೇ ಅಲ್ವಾ?

ಆದರೂ ನಾನು ಮೊದಲು ಮಾಡಿದ ತಪ್ಪು ಜಾಣತನದ್ದು. ಆಟದ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಎದುರಿಂದ ಒಂದು, ಪಕ್ಕದಿಂದ ಒಂದು, ಬೆನ್ನಿನದು ಒಂದು. ಅವನ್ನು ನೋಡಿಕೊಂಡು ಬ್ಲೆಂಡರ್‌ನಲ್ಲಿ ಮಾಡೆಲ್ ಮಾಡಲು ಕೂತೆ. ಬ್ಲೆಂಡರ್ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಅದು ದುಡ್ಡು ಕೊಡದೇ ಸಿಗುವ ತ್ರೀಡಿ ಸಾಫ್ಟ್‌ವೇರ್. ಮಾಡುತ್ತಾ ಮಾಡುತ್ತಾ ಆಟದಲ್ಲಿ ಇರೋದಕ್ಕಿಂತ ಚೆನ್ನಾಗಿ ಮಾಡಬೇಕು ಅನ್ನಿಸಿತು. ಐದು ಬೆರಳು ಬಿಡಿಸಿದೆ. ಕಿವಿಗೆ ಸುರುಳಿ ಕೊಟ್ಟೆ. ಮೂಗಿಗೇ 22 ತ್ರಿಕೋನ ಹೋಯಿತು. ಸ್ಕ್ರೀನ್ ಮೇಲೆ ನೋಡಿದರೆ ಟಾಮಿ ಜೀವಂತ.

ಆಮೇಲೆ ಅಳತೆ ಹಾಕಿದೆ. ಗೊಂಬೆ 28 ಸೆಂಟಿಮೀಟರ್ ಎತ್ತರ ಬಂದರೆ ಮೂಗು 8 ಮಿಲಿಮೀಟರ್. ಅದರಲ್ಲಿ 22 ತ್ರಿಕೋನ! ಒಂದೊಂದು ತುಂಡು ಸಾಸಿವೆ ಕಾಳಿನಷ್ಟು. ಅದನ್ನು ಕತ್ತರಿಸಿ, ಮಡಿಸಿ, ಅಂಟಿಸಬೇಕಂತೆ. ಯಾರು?

ಅವತ್ತು ಒಂದು ನಿಯಮ ಮಾಡಿಕೊಂಡೆ. ಬೆರಳಿನಲ್ಲಿ ಹಿಡಿಯಲು ಆಗದ ತುಂಡು ಮಾಡೆಲ್‌ನಲ್ಲಿ ಇರಕೂಡದು. ನನ್ನ ಕೈಗೆ ಅದು 5 ಮಿಲಿಮೀಟರ್. 1,400 ತ್ರಿಕೋನ ಇದ್ದದ್ದನ್ನು 380ಕ್ಕೆ ಇಳಿಸಿದೆ. ಬೆರಳುಗಳನ್ನು ಸೇರಿಸಿ, ಬೆರಳು ಬೇರೆಯಾಗದ ಕೈಗವಸಿನ ಹಾಗೆ ಒಂದೇ ಮುಷ್ಟಿ ಮಾಡಿದೆ. ಮೂಗಿಗೆ ನಾಲ್ಕೇ ತ್ರಿಕೋನ. ಆಗ ಏನಾಯಿತು ಗೊತ್ತಾ? ನಾನು ಆಟದವರ ಟಾಮಿಯ ಹತ್ತಿರಕ್ಕೇ ವಾಪಸ್ ಬಂದಿದ್ದೆ. ಅವರಿಗೆ ಮೆಮೊರಿ ಇರಲಿಲ್ಲ, ನನಗೆ ಬೆರಳು ಸಣ್ಣದಿರಲಿಲ್ಲ.

ಈಗ ಬಿಡಿಸುವ ಕೆಲಸ. ಅಂದರೆ ತ್ರೀಡಿ ಮೈಯನ್ನು ಕತ್ತರಿಸಿ ಹಾಳೆ ಮೇಲೆ ಚಪ್ಪಟೆಯಾಗಿ ಹಾಸೋದು. ಇದಕ್ಕೆ ಪೆಪಾಕುರಾ ಡಿಸೈನರ್ ಅಂತ ಜಪಾನಿನ ಸಾಫ್ಟ್‌ವೇರ್ ಇದೆ. ಪೇಪರ್‌ಕ್ರಾಫ್ಟ್ ಅನ್ನೋದನ್ನು ಜಪಾನಿಯಲ್ಲಿ ಹೇಳಿ ಬಾಲ ಕತ್ತರಿಸಿದರೆ ಪೆಪಾಕುರಾ. ಬ್ಲೆಂಡರ್‌ಗೂ ಒಂದು ಆಡ್-ಆನ್ ಇದೆ, ಹೆಸರು ಎಕ್ಸ್‌ಪೋರ್ಟ್ ಪೇಪರ್ ಮಾಡೆಲ್. ಬಟನ್ ಒತ್ತಿದರೆ ಅದೇ ಕತ್ತರಿಸಿಕೊಡುತ್ತದೆ. ನಾನೂ ಒತ್ತಿದೆ. ಅಂಗಿಯ ಎದೆ ಮಧ್ಯದಲ್ಲಿ ಒಂದು ಗೆರೆ, ಹೊಟ್ಟೆ ಮೇಲೆ ಅಡ್ಡ ಇನ್ನೊಂದು. ಯಾರೋ ಆಪರೇಷನ್ ಮಾಡಿ ಹೊಲಿಗೆ ಹಾಕಿದ ಹಾಗೆ.

ಅಮ್ಮ ಕಾಫಿ ಕೊಡಲು ಬಂದವಳು ಸ್ಕ್ರೀನ್ ನೋಡಿದಳು. ಅವಳು ಮೂವತ್ತು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ.

"ಎದೆ ಮೇಲೆ ಯಾರಾದ್ರೂ ಜೋಡಣೆ ಇಡ್ತಾರೇನೋ? ಕಂಕುಳ ಕೆಳಗೆ ಹಾಕು."

ಅಷ್ಟೇ. ಲೋಟ ಇಟ್ಟು ಹೋದಳು. ಒಂದು ವಾರ ನಾನು ನೋಡಿದ ಟ್ಯುಟೋರಿಯಲ್‌ಗಳಲ್ಲಿ ಇದನ್ನು ಯಾರೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ. ಆಮೇಲೆ ಅವಳ ಹೊಲಿಗೆ ಮಿಷನ್ ಪಕ್ಕ ಕೂತು ಒಂದು ಬ್ಲೌಸ್ ತುಂಡನ್ನು ನೋಡಿದೆ. ಚಪ್ಪಟೆ ಬಟ್ಟೆ ಉಬ್ಬಬೇಕಾದ ಕಡೆ ಟಕ್ಸ್ ಹಿಡಿಯುತ್ತಾಳೆ. ನಾನು ಟಾಮಿಯ ಭುಜಕ್ಕೆ ಮಾಡಬೇಕಾಗಿದ್ದದ್ದೂ ಅದೇ, ಒಂದು ಸಣ್ಣ ತ್ರಿಕೋನ ಕಚ್ಚು ಹಾಕಿ ಎರಡು ಅಂಚು ಎಳೆದು ಸೇರಿಸೋದು. ಬಟ್ಟೆ ಸ್ವಲ್ಪ ಎಳೆದರೆ ಹಿಗ್ಗುತ್ತದೆ. ಕಾಗದ ಒಂದು ಕೂದಲೆಳೆಯಷ್ಟೂ ಹಿಗ್ಗೋದಿಲ್ಲ, ಅದೊಂದೇ ವ್ಯತ್ಯಾಸ.

ಹೀಗಾಗಿ ಎಲ್ಲ ಕಟ್‌ಗಳನ್ನೂ ಅಳಿಸಿ ಕೈಯಾರೆ ಹಾಕಿದೆ. ತೋಳಿನದು ಒಳಬದಿಗೆ. ಕಾಲಿನದು ಪ್ಯಾಂಟಿನ ನಿಜವಾದ ಹೊಲಿಗೆ ಎಲ್ಲಿ ಬರುತ್ತದೋ ಅಲ್ಲಿಗೆ. ತಲೆಯದು ಕೂದಲು ಶುರುವಾಗುವ ಗೆರೆಗೆ, ಅಲ್ಲಿ ಹೇಗಿದ್ದರೂ ಬಣ್ಣ ಬದಲಾಗುತ್ತದೆ. ಕಷ್ಟ ಕೊಟ್ಟಿದ್ದು ಆ ಅಂಗಿಯ ಎಲೆಗಳು. ಕಂಕುಳಲ್ಲಿ ಮುಂಭಾಗದ ಅರ್ಧ ಎಲೆ ಬೆನ್ನಿನ ಅರ್ಧ ಎಲೆಗೆ ಸರಿಯಾಗಿ ಕೂಡಬೇಕು, ಸೀರೆ ಬಾರ್ಡರ್ ಕೂಡಿಸಿದ ಹಾಗೆ. ಮೂರು ಸಂಜೆ ಅದಕ್ಕೇ ಹೋಯಿತು. ಕೊನೆಗೆ ಮುಚ್ಚಿಹೋಗುವ ಜಾಗಕ್ಕೆ ಮೂರು ಸಂಜೆ!

ಇಲ್ಲೊಂದು ಅಡ್ಡಮಾತು. ಹೀಗೆ ಬಿಡಿಸಿ ಹಾಸಿದ ಚಿತ್ರಗಳನ್ನು ಡ್ಯೂರರ್ ಅನ್ನೋ ಜರ್ಮನ್ ಚಿತ್ರಕಾರ 1525ರಲ್ಲೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ತಗ್ಗು ಇಲ್ಲದೆ ಎಲ್ಲ ಕಡೆ ಹೊರಕ್ಕೇ ಉಬ್ಬಿದ, ಚಪ್ಪಟೆ ಬದಿಗಳ ಆಕಾರ ಯಾವುದೇ ಇರಲಿ, ಅದನ್ನು ಅಂಚುಗಳಲ್ಲೇ ಕತ್ತರಿಸಿ ಒಂದೇ ತುಂಡಾಗಿ, ಒಂದರ ಮೇಲೊಂದು ಬೀಳದಂತೆ ಹಾಸಲು ಸಾಧ್ಯವಾ? 1975ರಲ್ಲಿ ಶೆಫರ್ಡ್ ಅನ್ನೋ ಗಣಿತಜ್ಞ ಈ ಪ್ರಶ್ನೆ ಕೇಳಿದರು. ಹೌದು ಅಂತಲೂ ಇಲ್ಲ ಅಂತಲೂ ಇನ್ನೂ ಯಾರೂ ಸಾಧಿಸಿ ತೋರಿಸಿಲ್ಲ. ನನ್ನ ಟಾಮಿಗೆ ತಗ್ಗುಗಳು ಬೇಕಾದಷ್ಟಿವೆ, ಹಾಗಾಗಿ ನಾಚಿಕೆ ಪಡದೆ 31 ತುಂಡು ಮಾಡಿದೆ.

ಮೊದಲ ಸಲ ಮಾಡುವವರು ಟಾಮಿಯಿಂದ ಶುರು ಮಾಡಬೇಡಿ. ಮೈನ್‌ಕ್ರಾಫ್ಟ್ ಅನ್ನೋ ಡಬ್ಬಿಡಬ್ಬಿ ಆಟದ ಹೀರೋ ಸ್ಟೀವ್‌ನನ್ನು ಹಿಡಿಯಿರಿ. ತಲೆ ಎಲ್ಲ ಕಡೆ 8 ಪಿಕ್ಸೆಲ್‌ನ ಡಬ್ಬಿ, ಕೈ ಕಾಲು ಎಲ್ಲ ಉದ್ದನೆ ಡಬ್ಬಿ. ಅದರ ಸ್ಕಿನ್ ಫೈಲ್, ಅಂದರೆ ಮೈಮೇಲಿನ ಬಣ್ಣದ ಚಿತ್ರ, ತೆರೆದು ನೋಡಿ, ಡಬ್ಬಿಯನ್ನು ಬಿಚ್ಚಿ ಹಾಸಿದ ಹಾಗೇ ಇರುತ್ತದೆ. ಅರ್ಧ ಡಿಸೈನ್ ಆಟದವರೇ ಮಾಡಿಕೊಟ್ಟಿದ್ದಾರೆ. ಅದೇ ಆಟದ ಹಸಿರು ಭೂತ ಕ್ರೀಪರ್ ಕೂಡ ಸುಲಭ. ಅದು ಹುಟ್ಟಿದ್ದೇ ಹಂದಿ ಮಾಡಲು ಹೋಗಿ ಉದ್ದಕ್ಕೂ ಎತ್ತರಕ್ಕೂ ಅಂಕಿ ಅದಲುಬದಲಾಗಿ, ಹಾಗಾಗಿ ನಿಮ್ಮದು ಸ್ವಲ್ಪ ಸೊಟ್ಟ ಬಂದರೂ ಬೇಜಾರಿಲ್ಲ.

ಪ್ರಿಂಟ್. ತಲೆ ಯಾಕಿಲ್ಲ ಅನ್ನೋದಕ್ಕೆ ಉತ್ತರ ಇಲ್ಲಿದೆ.

ಒಟ್ಟು ಏಳು ಹಾಳೆ, ಎ4 ಸೈಜು, 180 ಜಿಎಸ್ಎಂ, ಅಂದರೆ ಚದರ ಮೀಟರ್‌ಗೆ 180 ಗ್ರಾಂ ತೂಗುವ ದಪ್ಪ ಕಾಗದ. ನಾಲ್ಕು ಹಾಳೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದೆ, ಲೇಸರ್ ಪ್ರಿಂಟ್. ಇಂಕ್‌ಜೆಟ್ ಆದರೆ ಫೆವಿಕಾಲ್‌ನ ನೀರಿಗೆ ಬಣ್ಣ ಹರಡುತ್ತದೆ, ಅದು ನೆನಪಿರಲಿ. ಅಷ್ಟರಲ್ಲಿ ಕರೆಂಟ್ ಹೋಯಿತು. ಜುಲೈ ತಿಂಗಳು, ಸಾಗರ, ಹೇಳಬೇಕಾಗಿಲ್ಲ. ಉಳಿದ ಮೂರು ಹಾಳೆಯನ್ನು ಎರಡು ದಿನ ಬಿಟ್ಟು ಇನ್ನೊಂದು ಅಂಗಡಿಯಲ್ಲಿ ತೆಗೆಸಿದೆ. ತಲೆ, ಕುತ್ತಿಗೆ, ಎರಡು ಮುಷ್ಟಿ ಅದರಲ್ಲಿದ್ದವು.

ಎರಡನೇ ಅಂಗಡಿಯ ಕಂಪ್ಯೂಟರ್‌ನಲ್ಲಿ ಫಿಟ್ ಟು ಪೇಜ್, ಅಂದರೆ ಹಾಳೆಗೆ ತಕ್ಕಂತೆ ಚಿತ್ರದ ಅಳತೆ ಬದಲಿಸುವ ಸೆಟ್ಟಿಂಗ್, ಆನ್ ಆಗಿತ್ತು. ನಾನೂ ನೋಡಲಿಲ್ಲ. ಹಾಳೆಗಳು 97 ಪರ್ಸೆಂಟ್‌ಗೆ ಕುಗ್ಗಿ ಬಂದವು. ಕಣ್ಣಿಗೆ ಏನೂ ಗೊತ್ತಾಗೋದಿಲ್ಲ. ಹನ್ನೆರಡು ದಿನ ಕತ್ತರಿಸಿ, ಅಂಟಿಸಿ, ಮೈ ನಿಲ್ಲಿಸಿ, ತಲೆ ಪೂರ್ತಿ ಮುಗಿಸಿ, ಕೂರಿಸಲು ಹೋದರೆ ಕೂರುತ್ತಿಲ್ಲ. ಅಂಗಿಯ ಕಾಲರ್ ಸುತ್ತಳತೆ 62 ಮಿಲಿಮೀಟರ್. ಕುತ್ತಿಗೆಯದು 60. ಬರೀ ಎರಡು ಮಿಲಿಮೀಟರ್. ಆದರೆ ಕಾಗದಕ್ಕೆ ಅಡ್ಜಸ್ಟ್ ಮಾಡ್ಕೋ ಅಂದರೆ ಅರ್ಥವಾಗೋದಿಲ್ಲ. ಈಗ ನನ್ನ ಎಲ್ಲ ಹಾಳೆಗಳ ಮೂಲೆಯಲ್ಲೂ 5 ಸೆಂಟಿಮೀಟರ್‌ನ ಒಂದು ಗೆರೆ ಇರುತ್ತದೆ. ಅಂಗಡಿಯಲ್ಲೇ ಸ್ಕೇಲ್ ಇಟ್ಟು ಅಳೆದು, ಆಮೇಲೆ ದುಡ್ಡು ಕೊಡುತ್ತೇನೆ.

ಮೂರು ಹಾಳೆ ಮತ್ತೆ ತೆಗೆಸಿದೆ. ತಲೆ ಮತ್ತೆ ಮೊದಲಿಂದ. ಈಗ ನೀವು ನೋಡುತ್ತಿರೋದು ಅದನ್ನೇ.

ಮಡಿಕೆ ಬರುವ ಗೆರೆಗಳ ಮೇಲೆ ಮೊದಲು ಇಂಕ್ ಖಾಲಿಯಾದ ಬಾಲ್‌ಪೆನ್‌ನಿಂದ, ಸ್ಟೀಲ್ ಸ್ಕೇಲ್ ಇಟ್ಟು, ಒತ್ತಿ ಎಳೆಯುತ್ತೇನೆ. ಹೀಗೆ ಮಾಡದಿದ್ದರೆ ದಪ್ಪ ಕಾಗದ ತನಗೆ ಬೇಕಾದ ಕಡೆ ಮಡಿಯುತ್ತದೆ. ಆಮೇಲೆ ಕಟರ್. ಕತ್ತರಿಸಿದ ಅಂಚು ಬೆಳ್ಳಗೆ ಕಾಣುತ್ತದೆ ನೋಡಿ, ಅದಕ್ಕೆ ಅದೇ ಬಣ್ಣದ ಸ್ಕೆಚ್ ಪೆನ್ ಪಕ್ಕದಿಂದ ಒಂದು ಸಲ ಸವರುತ್ತೇನೆ. ದಯವಿಟ್ಟು ಈ ಹಂತ ಬಿಡಬೇಡಿ. ಬಿಟ್ಟರೆ ಗೊಂಬೆಯ ಮೈತುಂಬ ಬಿಳಿ ಗೆರೆ. ಅಂಟು ಹಚ್ಚಲು ಉರಿದು ಮುಗಿದ ಊದುಬತ್ತಿ ಕಡ್ಡಿ. ದೇವರ ಮನೆಯಲ್ಲಿ ದಿನಕ್ಕೆ ಎರಡು ಸಿಗುತ್ತವೆ. ತುದಿಯಲ್ಲಿ ಒಂದು ಹನಿ ಫೆವಿಕಾಲ್ ತೆಗೆದುಕೊಂಡು ಅಂಟು ಪಟ್ಟಿ ಮೇಲೆ ತೆಳ್ಳಗೆ ಎಳೆಯೋದು, ಒತ್ತಿ ಹಿಡಿಯೋದು, ಇಪ್ಪತ್ತು ಎಣಿಸೋದು. ಜಾಸ್ತಿ ಹಾಕಿದರೆ ಕಾಗದ ನೆನೆದು ಅಲೆಅಲೆಯಾಗುತ್ತದೆ. ಮಳೆಗಾಲದಲ್ಲಂತೂ ಹಾಳೆ ಮೊದಲೇ ಗಾಳಿಯ ತೇವ ಕುಡಿದು ಬಾಗಿರುತ್ತದೆ. ಮುಗಿದ ತೋಳುಗಳನ್ನು ನಾನು ಹಪ್ಪಳದ ಡಬ್ಬದಲ್ಲಿ ಮುಚ್ಚಿಟ್ಟಿದ್ದೆ. ಅಮ್ಮ ಸಂಜೆ ಹಪ್ಪಳ ಕರಿಯಲು ಡಬ್ಬ ತೆಗೆದು ಕಿರುಚಿದ್ದು ರೆಕಾರ್ಡ್ ಆಗಿಲ್ಲ, ಅದೇ ಬೇಜಾರು.

ಕಾಲಿನ ಬಗ್ಗೆ ಒಂದು ಮಾತು. ಕಾಗದದ ಮನುಷ್ಯ ಫ್ಯಾನ್ ಹಾಕಿದರೆ ಬೀಳುತ್ತಾನೆ. ಅದಕ್ಕೆ ಶೂ ಮುಚ್ಚುವ ಮೊದಲು ಒಳಗೆ ಐದು ರೂಪಾಯಿಯ ನಾಣ್ಯ, ಒಂದೊಂದು ಶೂಗೆ ಎರಡು. ಒಟ್ಟು 20 ರೂಪಾಯಿ. ಒಂದು ಗಂಟೆಯ ಸೈಬರ್ ದುಡ್ಡು ಟಾಮಿಯ ಕಾಲಲ್ಲೇ ಇದೆ.

ಟೆಂಪ್ಲೇಟ್ ಮಾರುತ್ತೀರಾ ಅಂತ ಕಳೆದ ವಿಡಿಯೋಗೆ ಕೆಲವರು ಕೇಳಿದ್ದಿರಿ. ಇಲ್ಲ. ಪಾತ್ರ ಆಟ ಮಾಡಿದ ರಾಕ್‌ಸ್ಟಾರ್ ಕಂಪನಿಯವರದು, ನನ್ನದು ಕಾಗದ ಮತ್ತು ಮಣಿಕಟ್ಟು ನೋವು ಮಾತ್ರ. ಇದು ನನ್ನ ಕಪಾಟಿಗೆ.

ಈಗ ತಲೆಯ ಕೊನೆಯ ಪಟ್ಟಿ. ಇದೇ ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಒಳಗಿನಿಂದ ಒತ್ತಿ ಹಿಡಿಯಲು ಬೆರಳು ಹೋಗೋದಿಲ್ಲ. ಡಿಸೈನ್ ಮಾಡುವಾಗಲೇ ಮುಚ್ಚುವ ಜಾಗ ಯಾವುದು ಅಂತ ಯೋಚಿಸಿಡಬೇಕು. ನಾನು ಅದನ್ನು ಕುತ್ತಿಗೆಯ ಹಿಂದೆ, ಕಾಲರ್‌ಗೆ ಮರೆಯಾಗುವ ಹಾಗೆ ಇಟ್ಟಿದ್ದೇನೆ. ಕೆಳಗಿನ ತೂತಿನಿಂದ ಚಿಮಟ ತೂರಿಸಿ, ಒಳಗಿನಿಂದ ಆಸರೆ ಕೊಟ್ಟು, ಹೊರಗಿನಿಂದ ಹೆಬ್ಬೆರಳು. ಒಂದು, ಎರಡು, ಮೂರು. ಹಿಂದೆ ಕೇಳಿಸುತ್ತಿರೋದು ಮಳೆ, ಮೈಕ್ ಹಾಳಾಗಿಲ್ಲ. ಇಪ್ಪತ್ತು.

ಕಾಲರ್ ಒಳಗೆ ಅಂಟು ಹಚ್ಚಿ ತಲೆ ಇಟ್ಟೆ. ಕೂತಿತು. ಈ ಸಲ ಸಲೀಸಾಗಿ ಕೂತಿತು. ಆ ಖುಷಿಯಲ್ಲಿ ತಮ್ಮನಿಗೆ ವಿಡಿಯೋ ಕಾಲ್ ಮಾಡಲು ಫೋನ್ ಹುಡುಕಿದೆ, ಬಂದು ನೋಡುವಷ್ಟರಲ್ಲಿ ಅಂಟು ಒಣಗಿದೆ, ತಲೆ ಸ್ವಲ್ಪ ಎಡಕ್ಕೆ ತಿರುಗಿದೆ. ತೆಗೆಯಲು ಹೋದರೆ ಅಂಗಿ ಹರಿಯುತ್ತದೆ. ಹಾಗೇ ಬಿಟ್ಟೆ.

ಅಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಮೊದಲು ಕಂಕುಳ ಕೆಳಗಿನ ಜೋಡಣೆ ನೋಡಿದಳು, ಆಮೇಲೆ ಮುಖ.

"ಬಾಗಿಲ ಕಡೆನೇ ನೋಡ್ತಾ ನಿಂತಿದಾನಲ್ಲೋ. ಯಾರು ಬರ್ತಾರಂತೆ?"

"ಪೊಲೀಸ್ ಅಮ್ಮ."