ಚೀಟಿ ಕೇಳದ ಅಧ್ಯಕ್ಷ

ಎಲ್ಲರಿಗೂ ನಮಸ್ಕಾರ. ಹೋದ ಸಲ ಇದೇ ವೇದಿಕೆಯಲ್ಲಿ ಒಬ್ಬರು, ಬಡ ಅಮೆರಿಕನ್ನರು ಸಹಾಯಧನ ಬೇಡ ಅನ್ನುವ ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುವುದು ಶುದ್ಧ ದಡ್ಡತನ ಅಂದರು. ಸಭೆ ನಕ್ಕಿತು. ನಾನೂ ನಕ್ಕೆ, ಆಮೇಲೆ ನಾಚಿಕೆಯಾಯಿತು. ಅದು ದಡ್ಡತನವಲ್ಲ. ಇದೊಂದು ಮಾತನ್ನೇ ಇವತ್ತು ಮೂರ್ನಾಲ್ಕು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

1994ರ ಚುನಾವಣೆಯ ಹೊತ್ತು. ಬರ್ಕ್ಲಿಯ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ರಿಪಬ್ಲಿಕನ್ನರ ಪ್ರಣಾಳಿಕೆ ಓದಿ ತಲೆ ಕೆರೆದುಕೊಂಡರು. ಗರ್ಭಪಾತ ಬೇಡ ಅನ್ನುವವರೇ ತೆರಿಗೆ ಬೇಡ ಅಂತಾರೆ, ಬಂದೂಕಿಗೆ ಕಡಿವಾಣವೂ ಬೇಡ ಅಂತಾರೆ. ಎತ್ತಣಿಂದೆತ್ತ ಸಂಬಂಧ? ಆಮೇಲೆ ತಮ್ಮನ್ನೇ ನೋಡಿಕೊಂಡರು. ಅವರು ಲಿಬರಲ್, ಅಂದರೆ ಉದಾರವಾದಿ; ಒಂದೊಂದರಲ್ಲೂ ಅವರದು ತದ್ವಿರುದ್ಧ ನಿಲುವು. ಅವನ್ನೆಲ್ಲ ಪೋಣಿಸಿದ ದಾರ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ! ಆ ಪ್ರಾಮಾಣಿಕತೆ ನನಗಿಷ್ಟ.

1996ರಲ್ಲಿ ಅವರು ಕೊಟ್ಟ ಉತ್ತರ: ಎರಡು ಬಗೆಯ ಮನೆ. ಸಂಪ್ರದಾಯವಾದಿಯ ಮನಸ್ಸಿನಲ್ಲಿರುವುದು ಕಟ್ಟುನಿಟ್ಟಿನ ತಂದೆಯ ಮನೆ. ಹೊರಗಿನ ಲೋಕ ಅಪಾಯದ್ದು. ಮಗುವಿಗೆ ಒಳ್ಳೆಯದು ಕೆಟ್ಟದ್ದು ಹುಟ್ಟಿನಿಂದ ಗೊತ್ತಿರುವುದಿಲ್ಲ, ದಂಡಿಸಿ ಕಲಿಸಬೇಕು. ಕಲಿತವನು ತನ್ನ ಕಾಲ ಮೇಲೆ ನಿಲ್ಲುತ್ತಾನೆ. ನಿಂತ ಮೇಲೆ ಅಪ್ಪ ಮೂಗು ತೂರಿಸುವಂತಿಲ್ಲ. ಈಗ ಅಪ್ಪನ ಜಾಗದಲ್ಲಿ ಸರ್ಕಾರವನ್ನಿಡಿ. ಸಹಾಯಧನ ಅಂದರೆ ಬೆಳೆದ ಮಗನನ್ನು ಮುದ್ದು ಮಾಡಿ ಕೆಡಿಸುವುದು. ಹೆಚ್ಚು ಗಳಿಸಿದವನಿಗೆ ಹೆಚ್ಚು ತೆರಿಗೆ ಅಂದರೆ ಹೇಳಿದ ಮಾತು ಕೇಳಿದ ಮಗನಿಗೇ ಏಟು. ಇದರೊಳಗೆ ಪ್ರೀತಿ ಇಲ್ಲ ಅನ್ನಬೇಡಿ; ಶಿಸ್ತೇ ಅಲ್ಲಿನ ಪ್ರೀತಿ. ಇನ್ನೊಂದು ಲಿಬರಲ್ ಮನಸ್ಸಿನಲ್ಲಿರುವುದು, ಮಗುವನ್ನು ಅಕ್ಕರೆಯಿಂದ ಪೋಷಿಸುವ ತಂದೆತಾಯಿಯರ ಮನೆ. ಈ ಸಭೆಗೆ ಅದನ್ನು ವಿವರಿಸಬೇಕಿಲ್ಲ, ಬಹುಪಾಲು ಜನ ಅಲ್ಲಿಂದಲೇ ಬಂದಿದ್ದೀರಿ.

ನನಗೆ ಪ್ರಿಯವಾದ ಉದಾಹರಣೆ ಒಂದಿದೆ. 2004ರ ಜನವರಿ 20, ಆಗಿನ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಅಲ್ಲಿನ ಸಂಸತ್ತಿನ ಮುಂದೆ ನಿಂತಿದ್ದಾರೆ. ವಿಶ್ವಸಂಸ್ಥೆಯ ಒಪ್ಪಿಗೆಯಿಲ್ಲದೆ ಇರಾಕಿಗೆ ನುಗ್ಗಿ ಹತ್ತು ತಿಂಗಳಾಗಿದೆ. ದೇಶದ ರಕ್ಷಣೆಗೆ ಯಾರ ಅನುಮತಿಯನ್ನೂ ಕೇಳುವುದಿಲ್ಲ ಅಂದಿದ್ದರೆ ಸಾಕಿತ್ತು. ಅವರು ಬಳಸಿದ್ದು 'ಪರ್ಮಿಷನ್ ಸ್ಲಿಪ್' ಅನ್ನುವ ಮಾತು. ಅದು ಶಾಲೆಯ ಚೀಟಿ ಸ್ವಾಮಿ! ಮಕ್ಕಳನ್ನು ಹೊರಗೆ ಕರೆದೊಯ್ಯಬೇಕಾದರೆ ಅಪ್ಪನೋ ಅಮ್ಮನೋ ಸಹಿ ಹಾಕಿ ಕಳಿಸುವ ಚೀಟಿ. ಈಗ ದೊಡ್ಡವರನ್ನು ಕೇಳಿ: ನೀವು ಕೊನೆಯ ಸಲ ಅಂಥ ಚೀಟಿ ಹಿಡಿದು ನಿಂತದ್ದು ಯಾವಾಗ? (ಮುಂದಿನ ಸಾಲಿನವರು ಯೋಚಿಸಬೇಡಿ, ತುಂಬಾ ವರ್ಷ ಹಿಂದಕ್ಕೆ ಹೋಗಬೇಕಾದೀತು.) ಆ ಒಂದು ಪದದಲ್ಲಿ ಅಮೆರಿಕ ಮನೆಯ ಹಿರಿಯ, ಉಳಿದ ದೇಶಗಳು ಚಡ್ಡಿ ಹಾಕಿದ ಹುಡುಗರು. ಇದನ್ನು ಎತ್ತಿ ತೋರಿಸಿದವರೂ ಲೇಕಾಫರೇ. ವಿರೋಧಿಗಳು ಅಂಕಿಅಂಶ ಹಿಡಿದು ಬಂದರು. ಅಪ್ಪನ ಮುಂದೆ ಅಂಕಿಅಂಶ ನಡೆಯುತ್ತದೆಯೇ? ಮತದಾರ ನೋಡುವುದು ಜೇಬನ್ನಲ್ಲ, ಮನಸ್ಸಿನಲ್ಲಿರುವ ಮನೆಯನ್ನು. ಅದಕ್ಕೇ ಹೇಳಿದ್ದು, ದಡ್ಡತನವಲ್ಲ.

ಇದೆಲ್ಲ ಪದಗಳ ಆಟ ಅನ್ನುವವರಿಗೆ ಇನ್ನೊಂದು. ಅಮೆರಿಕದ ರಾಷ್ಟ್ರೀಯ ಚುನಾವಣಾ ಅಧ್ಯಯನದಲ್ಲಿ 1992ರಿಂದ ನಾಲ್ಕು ಪ್ರಶ್ನೆ ಕೇಳುತ್ತಾರೆ. ಮಗುವಿಗೆ ಯಾವುದು ಮುಖ್ಯ: ಸ್ವತಂತ್ರ ಬುದ್ಧಿಯೋ, ಹಿರಿಯರಿಗೆ ಗೌರವವೋ? ಕುತೂಹಲವೋ, ಒಳ್ಳೆಯ ನಡವಳಿಕೆಯೋ? ವಿಧೇಯತೆಯೋ, ಸ್ವಾವಲಂಬನೆಯೋ? ಇತರರ ಬಗ್ಗೆ ಕಾಳಜಿಯೋ, ಶಿಸ್ತೋ? ಪಕ್ಷದ ಸುದ್ದಿಯಿಲ್ಲ, ತೆರಿಗೆಯ ಸುದ್ದಿಯಿಲ್ಲ. ಆದರೂ ಬಿಳಿಯ ಮತದಾರರಲ್ಲಿ ಈ ಉತ್ತರಗಳಿಗೂ ಪಕ್ಷದ ಒಲವಿಗೂ ನಂಟು ಕಾಣುತ್ತದೆ. ಕಪ್ಪು ಮತದಾರರಲ್ಲಿ ಹಾಗಿಲ್ಲ: ವಿಧೇಯತೆ ಅನ್ನುತ್ತಾರೆ, ಮತ ಮಾತ್ರ ರಿಪಬ್ಲಿಕನ್ನರ ಎದುರಾಳಿ ಡೆಮಾಕ್ರಾಟರಿಗೆ. ಲೇಕಾಫರ ಮನೆಯಲ್ಲಿ ಈ ಕೋಣೆ ಸರಿಯಾಗಿ ಕಟ್ಟಿಲ್ಲ. ಎಲ್ಲ ಬೀಗಕ್ಕೂ ಒಂದೇ ಕೀಲಿ ಅಂತ ನಾನೂ ಹೇಳುವುದಿಲ್ಲ.

ನಮ್ಮ ಸಭೆಯ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷವಂತೆ. ಚೀಟಿಯ ಮಹಿಮೆ ನೋಡಿ!

ಹಾಗಾದರೆ ಬ್ರಿಟನ್ನಿನ ಸಂಪ್ರದಾಯವಾದಿ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಬಗ್ಗೆ ಒಂದೇ ವಾಕ್ಯ. ಸಮಾಜ ಅನ್ನುವುದೇ ಇಲ್ಲ ಎಂದು 1987ರಲ್ಲಿ ಅವರು ಹೇಳಿದ್ದು ಎಲ್ಲರಿಗೂ ನೆನಪಿದೆ. ಇರುವುದು ವ್ಯಕ್ತಿಗಳು ಮತ್ತು ಕುಟುಂಬಗಳು ಅಂದದ್ದರಲ್ಲಿ ಆ 'ಕುಟುಂಬಗಳು' ಮಾತ್ರ ಮರೆತುಹೋಗಿದೆ. ದೇಶದ ಬಜೆಟ್ಟನ್ನು ಗೃಹಿಣಿಯ ಲೆಕ್ಕದ ಪುಸ್ತಕಕ್ಕೆ ಹೋಲಿಸಿದವರೂ ಅವರೇ. ನೋಟು ಅಚ್ಚು ಹಾಕುವ ಗೃಹಿಣಿ ಯಾರೂ ಇಲ್ಲ, ಆ ಚರ್ಚೆ ಇವತ್ತು ಬಿಟ್ಟೆ.

ಕೊನೆಗೆ ಫಿಲ್ಮರ್. ರಾಜನ ಅಧಿಕಾರ ಅಂದರೆ ತಂದೆಯ ಅಧಿಕಾರ ಎಂದು ವಾದಿಸಿದ ಇಂಗ್ಲೆಂಡಿನವನು. ಅವನ ಪುಸ್ತಕ ಅಚ್ಚಾದದ್ದು 1680ರಲ್ಲಿ, ಅವನು ಸತ್ತ ಮೇಲೆ. ಬೈಬಲ್ಲಿನ ಆಜ್ಞೆಯೇ ಅವನಿಗೆ ಆಧಾರ: ತಂದೆಯನ್ನು ಗೌರವಿಸು. ತತ್ವಜ್ಞಾನಿ ಜಾನ್ ಲಾಕ್ ಅದಕ್ಕೆ ಉತ್ತರ ಬರೆದ. ದೊಡ್ಡ ಸಿದ್ಧಾಂತಗಳೆಲ್ಲ ಅದರಲ್ಲಿವೆ, ಆದರೆ ನನಗೆ ಹಿಡಿಸಿದ್ದು ಒಂದು ಸಣ್ಣ ತಗಾದೆ: ಆ ಆಜ್ಞೆಯಲ್ಲಿ 'ತಂದೆಯನ್ನೂ ತಾಯಿಯನ್ನೂ' ಅಂತಿದೆಯಲ್ಲ, ತಾಯಿಯನ್ನು ಎಲ್ಲಿ ಬಿಟ್ಟಿರಿ ಸ್ವಾಮಿ?