ರೇಡಿಯೊದಲ್ಲಿ ಜಿಪಿಎಸ್ ಕಾಣೆಯಾದರೆ ಎಲ್ಲಿ ಹುಡುಕಬೇಕು?

ಎಲ್ಲರಿಗೂ ನಮಸ್ಕಾರ. ಬೋಟಿನ ವಿಎಚ್‌ಎಫ್ ರೇಡಿಯೊ ನೋಡುತ್ತೀರಿ. ಅಕ್ಷಾಂಶ, ರೇಖಾಂಶ ಇರಬೇಕಾದ ಕಡೆ ಬರೀ ಅಡ್ಡಗೆರೆ. ಮಾತು ಚೆನ್ನಾಗಿಯೇ ಕೇಳಿಸುತ್ತಿದೆ, ಆಮೇಲೆ ನೋಡಿದರಾಯ್ತು ಅಂತ ಸುಮ್ನೆ ಬಿಟ್ಟುಬಿಡುತ್ತೀರಿ. ನಾನೂ ಬಿಟ್ಟವನೇ.

ಆದರೆ ಅಪಾಯದಲ್ಲಿ ಸಹಾಯ ಕೇಳಲಿಕ್ಕೆಂದು ಮುಚ್ಚಳದಡಿ ಇರುವ ಆ ಕೆಂಪು ಗುಂಡಿ ನೆನಪಿರಲಿ. ಅದನ್ನು ಒತ್ತಿ ಹಿಡಿದರೆ 70ನೇ ಚಾನೆಲ್‌ನಲ್ಲಿ ಡಿಎಸ್‌ಸಿ ಕರೆ, ಅಂದರೆ ಮಾತಿಲ್ಲದ ಡಿಜಿಟಲ್ ಕರೆ ಹೋಗುತ್ತದೆ. ಅದರಲ್ಲಿರುವುದು ನಿಮ್ಮ ರೇಡಿಯೊದ ಗುರುತಾದ 9 ಅಂಕಿಯ ಎಂಎಂಎಸ್‌ಐ ನಂಬರು, ಜೊತೆಗೆ ನೀವಿರುವ ಜಾಗ. ಜಾಗ ಗೊತ್ತಿಲ್ಲದಿದ್ದರೆ ರೇಡಿಯೊ ಅಲ್ಲಿ ಹತ್ತು ಸಲ 9 ತುಂಬಿ ಕಳಿಸುತ್ತದೆ. ಕರೆದದ್ದು ಯಾರು ಅಂತ ತಿಳಿಯುತ್ತದೆ, ಎಲ್ಲಿಂದ ಅಂತ ತಿಳಿಯುವುದಿಲ್ಲ.

ರಿಪೇರಿಗೆ ಮೊದಲು ಒಂದೇ ಪ್ರಶ್ನೆ: ಈ ಜಿಪಿಎಸ್ ಯಾರದ್ದು? ಕೆಲವು ರೇಡಿಯೊಗಳ ಹೊಟ್ಟೆಯಲ್ಲೇ ಇರುತ್ತದೆ. ಕೆಲವು ಪ್ಲಾಟರ್‌ನಿಂದ, ಅಂದರೆ ಬೋಟಿನಲ್ಲಿ ನಕ್ಷೆ ತೋರಿಸುವ ಪರದೆಯಿಂದ, ಸಾಲ ಪಡೆಯುತ್ತವೆ. ಎರಡೂ ಇರುವ ಸೆಟ್‌ನಲ್ಲಿ ಯಾವುದನ್ನು ನಂಬಬೇಕು ಅಂತ ಮೆನುವಿನಲ್ಲಿ ಹೇಳಬೇಕು. ಒಮ್ಮೆ ನಾನು ಬೆಳಿಗ್ಗೆಯಿಂದ ಡ್ಯಾಶ್‌ಬೋರ್ಡ್ ಬಿಚ್ಚಿ ಕೂತಿದ್ದೆ. ಊಟದ ಹೊತ್ತಿಗೆ ಮೆನು ತೆರೆದರೆ, ಒಳಗಿನ ಜಿಪಿಎಸ್ ಆಫ್ ಆಗಿತ್ತು! ಅವತ್ತಿನಿಂದ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಮೆನು ನೋಡುತ್ತೇನೆ.

ಸಾಲದ ಜಿಪಿಎಸ್ ಆದರೆ, ಹತ್ತರಲ್ಲಿ ಎಂಟು ಸಲ ತೊಂದರೆ ವೈರಿನಲ್ಲೇ. ಇದು ನನ್ನ ಅಂದಾಜು ಅಷ್ಟೆ. ಬೋಟಿನ ಉಪಕರಣಗಳು ವೈರಿನ ಮೂಲಕ ಮಾತಾಡುವ ಭಾಷೆ ಎನ್‌ಎಂಇಎ 0183. ಅದರಲ್ಲಿ ಒಬ್ಬ ಹೇಳುವುದು, ಇನ್ನೊಬ್ಬ ಕೇಳುವುದು. ಪ್ಲಾಟರ್‌ನ ಔಟ್ ರೇಡಿಯೊದ ಇನ್‌ಗೆ ಹೋಗಬೇಕು. ಎಷ್ಟೋ ಜನ ಔಟ್‌ಗೆ ಔಟ್ ಸೇರಿಸುತ್ತಾರೆ. ಇಬ್ಬರೂ ಮಾತಾಡುತ್ತಿರುತ್ತಾರೆ, ಕೇಳುವವರೇ ಇಲ್ಲ. ವೈರಿನ ಬಣ್ಣ ನಂಬಬೇಡಿ, ಒಂದು ಕಂಪನಿಯ ಹಳದಿಗೂ ಇನ್ನೊಂದರ ಹಳದಿಗೂ ನಂಟಿಲ್ಲ. ಎರಡೂ ಪುಸ್ತಿಕೆ ಪಕ್ಕಪಕ್ಕ ಇಟ್ಟುಕೊಳ್ಳಿ.

ನಿನ್ನೆವರೆಗೂ ಸರಿಯಿತ್ತು ಅಂದರೆ ಜೋಡಣೆಗಳನ್ನು ಬಿಚ್ಚಿ ನೋಡಿ. ಟೇಪಿನ ಕೆಳಗೆ ಹಸಿರು ಪುಡಿ ಕಂಡರೆ ಅದೇ ಕಿಲುಬು. ಹೊರಗಿನಿಂದ ವೈರು ಹೊಸದರಂತಿರುತ್ತದೆ, ಮೆಲ್ಲಗೆ ಎಳೆದರೆ ತಾಮ್ರ ಉದುರಿ ಕೈಗೆ ಬರುತ್ತದೆ. ಕಪ್ಪಾದ ತಾಮ್ರವನ್ನು ಕೆರೆದು ಮತ್ತೆ ಸುತ್ತಬೇಡಿ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ.

ವೈರು ಸರಿಯಿದ್ದೂ ಬರುತ್ತಿಲ್ಲವಾ? ಮಾಹಿತಿ ಹರಿಯುವ ವೇಗ ನೋಡಿ, ಅದನ್ನು ಬಾಡ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 4800 ಬಾಡ್. ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಹಾಕಿಸಿದ ಮೇಲೆ ಅದೇ ಪೋರ್ಟ್ 38400ಕ್ಕೆ ಹೋಗಿರಬಹುದು. ಇನ್ನೊಂದು ತಮಾಷೆ ಇದೆ. ಬರೀ ಜಿಪಿಎಸ್ ಬಳಸುವ ರಿಸೀವರ್ ಕಳಿಸುವ ಮಾಹಿತಿಯ ಸಾಲುಗಳು ‘ಜಿಪಿ’ ಅಂತ ಶುರುವಾಗುತ್ತವೆ. ಹಲವು ದೇಶಗಳ ಉಪಗ್ರಹ ಸೇರಿಸಿ ಲೆಕ್ಕ ಹಾಕುವ ಹೊಸ ರಿಸೀವರ್ ‘ಜಿಎನ್’ ಅನ್ನುತ್ತದೆ. ಕೆಲವು ಹಳೆಯ ರೇಡಿಯೊಗಳಿಗೆ ಈ ‘ಜಿಎನ್’ ಅರ್ಥವೇ ಆಗುವುದಿಲ್ಲ.

ಒಳಗಿನ ಜಿಪಿಎಸ್ ಆದರೆ ಆಕಾಶ ಕಾಣಬೇಕು. ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ, ಕೆಳಗೆ ತಲುಪುವಷ್ಟರಲ್ಲಿ ಸಿಗ್ನಲ್ ಬಡಕಲಾಗಿರುತ್ತದೆ. ಲೋಹದ ಛಾವಣಿ ಅದನ್ನು ತಡೆದುಬಿಡುತ್ತದೆ. ತುಂಬ ದಿನ ಆಫ್ ಇದ್ದ ಸೆಟ್ ಆದರೆ ಬಯಲಲ್ಲಿ ಕಾಲು ಗಂಟೆ ಬಿಡಿ. ಉಪಗ್ರಹಗಳ ಪೂರ್ತಿ ಪಟ್ಟಿ ಇಳಿಯಲಿಕ್ಕೇ 12.5 ನಿಮಿಷ ಬೇಕು. ಅದೂ ಆಗದಿದ್ದರೆ ಬೋಟಿನಲ್ಲಿರುವ ಬೇರೆ ಸಾಮಾನುಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ. 2001ರಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬಂದರಿನಲ್ಲಿ ಜಿಪಿಎಸ್ಸೇ ಸಿಗದಂತಾಗಿತ್ತು. ಹುಡುಕಿದರೆ, ಕಾರಣ ಬೋಟುಗಳ ಟಿವಿ ಆಂಟೆನಾದೊಳಗಿನ ಆಂಪ್ಲಿಫೈಯರ್!

ನನಗೆ ಜಾಸ್ತಿ ಭಯ ಗೆರೆಗಳದ್ದಲ್ಲ, ಹಳೆಯ ಅಂಕಿಗಳದ್ದು. ಸಿಗ್ನಲ್ ಹೋದ ಮೇಲೂ ರೇಡಿಯೊ ಕೊನೆಯ ಜಾಗವನ್ನು ಇಟ್ಟುಕೊಂಡಿರುತ್ತದೆ. 23.5 ಗಂಟೆ ಆದ ಮೇಲೇ ಅದನ್ನು ಅಳಿಸಬೇಕೆಂಬ ನಿಯಮ. ಅಷ್ಟರಲ್ಲಿ ನೀವು ಎಷ್ಟು ದೂರ ಬಂದಿರುತ್ತೀರೋ! ಹಾಗಾಗಿ ಅಂಕಿಯ ಪಕ್ಕದ ಸಮಯವನ್ನೂ ಓದಿ. ಅದು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿರುತ್ತದೆ. ರಿಪೇರಿ ಆಗುವವರೆಗೆ ಜಾಗವನ್ನೂ ಸಮಯವನ್ನೂ ಕೈಯಾರೆ ತುಂಬುತ್ತಿರಿ.

ಸರಿಹೋಯ್ತು ಅನ್ನಿಸಿದ ಮೇಲೆ ದಡದಲ್ಲೇ ಒಂದು ಪರೀಕ್ಷೆ ಮಾಡಿ. ಕೆಂಪು ಗುಂಡಿ ಮಾತ್ರ ಮುಟ್ಟಬೇಡಿ. ಸಾಲದ ಜಿಪಿಎಸ್ ಆದರೆ ಬೇಕೆಂದೇ ಪ್ಲಾಟರ್ ಆಫ್ ಮಾಡಿ, ಗಡಿಯಾರ ಹಿಡಿದು ಕೂತು, ಜಾಗ ಬರುತ್ತಿಲ್ಲ ಅಂತ ರೇಡಿಯೊ ಎಷ್ಟು ಹೊತ್ತಿಗೆ ಬೀಪ್ ಅನ್ನುತ್ತದೆ ಅಂತ ಬರೆದಿಟ್ಟುಕೊಳ್ಳಿ.